ಅಮ್ಮನ ಔಷಧಿ, ಮಗನ ಇಂಗ್ಲಿಷ್

ಅಮೆರಿಕದಲ್ಲಿರುವ ನಮ್ಮ ಔಷಧಿ ಅಂಗಡಿಯ ಕೌಂಟರಿನ ಮೇಲೆ ಸಹಿ ಹಾಕುವ ಪುಟ್ಟ ಪರದೆಯೊಂದಿದೆ. ಔಷಧಿ ಒಯ್ಯಲು ಬಂದವರು ಅದರ ಮೇಲೆ ಬೆರಳಲ್ಲಿ ಸಹಿ ಮಾಡಬೇಕು. ಸಹಿಗೆ ಮುಂಚೆ ಅದು ಒಂದು ಪ್ರಶ್ನೆ ಕೇಳುತ್ತದೆ: ಈ ಔಷಧಿಯ ಬಗ್ಗೆ ಫಾರ್ಮಸಿಸ್ಟ್ ಜೊತೆ ಮಾತಾಡುವುದಿದೆಯೇ? ಕೆಳಗೆ ಹೌದು, ಇಲ್ಲ ಅಂತ ಎರಡು ಚೌಕ. ನಮ್ಮವರು ಅದನ್ನು ಓದುವುದನ್ನು ನಾನು ಕಂಡಿದ್ದು ಬಹಳ ಕಡಿಮೆ. ಇಲ್ಲ ಅಂತ ಒತ್ತಿ, ಸಹಿ ಗೀಚಿ, ಕಾರ್ಡ್ ತೋರಿಸಿ ಹೊರಟೇ ಬಿಡುತ್ತಾರೆ. ಪಕ್ಕದಲ್ಲಿ ಸೀರೆಯ ಮೇಲೆ ಸ್ವೆಟರ್, ಸ್ವೆಟರ್ ಮೇಲೆ ಶಾಲು ಹೊದ್ದ ಅಮ್ಮ ನಿಂತಿರುತ್ತಾರೆ. ಔಷಧಿ ಅವರದ್ದು. ಏನೋ ಕೇಳಿದರು, ಮಗ ಏನೋ ಬೇಡ ಅಂದ ಅನ್ನುವುದೂ ಅವರಿಗೆ ಗೊತ್ತಾಗಿರುವುದಿಲ್ಲ.

ಆ ಪ್ರಶ್ನೆಯನ್ನು ಅಂಗಡಿಯವರು ಸೌಜನ್ಯಕ್ಕೆ ಹಾಕಿದ್ದು ಅಂದುಕೊಳ್ಳಬೇಡಿ. ಕಡಿಮೆ ಆದಾಯದವರ ಸರ್ಕಾರಿ ವಿಮೆ ಮೆಡಿಕೇಯ್ಡ್‌ನಲ್ಲಿರುವ ರೋಗಿಗಳಿಗೆ ಫಾರ್ಮಸಿಸ್ಟ್ ಸಲಹೆ ಕೊಡಲು ಮುಂದಾಗಲೇಬೇಕು ಎಂದು 1990ರ ಒಂದು ಫೆಡರಲ್ (ಕೇಂದ್ರ ಸರ್ಕಾರದ) ಕಾಯ್ದೆ ಹೇಳಿತು. ಆಮೇಲೆ ಬಹುತೇಕ ರಾಜ್ಯಗಳು ಅದನ್ನು ಎಲ್ಲ ರೋಗಿಗಳಿಗೂ ಅನ್ವಯಿಸಿದವು. ಅಪಾಯಿಂಟ್‌ಮೆಂಟ್ ಬೇಡ, ಕೋಪೇ, ಅಂದರೆ ರೋಗಿ ಕೈಯಿಂದ ಕೊಡುವ ಪಾಲು, ಇಲ್ಲ. ಈ ದೇಶದಲ್ಲಿ ಆರೋಗ್ಯದ ವಿಷಯಕ್ಕೆ ಪುಕ್ಕಟೆ ಸಿಗುವುದು ಏನೇನಿದೆ ಅಂತ ಪಟ್ಟಿ ಮಾಡಲು ಕೂತರೆ ಅರ್ಧ ಹಾಳೆ ತುಂಬುವುದೂ ಕಷ್ಟ. ಅದರಲ್ಲೊಂದನ್ನು ನಾವು ದಿನಾ ಬೇಡ ಅನ್ನುತ್ತಿದ್ದೇವೆ.

ನನ್ನ ಬಗ್ಗೆ ಎರಡು ಮಾತು. ನಾನು ಫಾರ್ಮಸಿಸ್ಟ್ ಅಲ್ಲ, ಟೆಕ್ನಿಷಿಯನ್. ದಾವಣಗೆರೆಯಲ್ಲಿ ಬಿ.ಫಾರ್ಮ್ ಮುಗಿಸಿದ್ದು 2008ರಲ್ಲಿ. 2003ರ ಜನವರಿ 1ರಿಂದ ಈಚೆಗೆ ಪದವಿ ಪಡೆದ ಹೊರದೇಶದವರು ಇಲ್ಲಿ ಫಾರ್ಮಸಿಸ್ಟ್ ಪರೀಕ್ಷೆಗೆ ಕೂರಬೇಕಾದರೆ ಐದು ವರ್ಷದ ಕೋರ್ಸ್ ಓದಿರಬೇಕು. ನಮ್ಮದು ನಾಲ್ಕು ವರ್ಷ. ಅಲ್ಲಿಗೆ ಆ ಬಾಗಿಲು ಮುಚ್ಚಿತು. ಇಲ್ಲಿ ಕೆಲಸಕ್ಕೆ ಬಂದವರ ಗಂಡ ಹೆಂಡಿರಿಗೆ ಸಿಗುವ ಎಚ್-4 ವೀಸಾದಲ್ಲಿ ಬಂದು ಮನೆಯಲ್ಲಿ ಕೂತಿದ್ದೆ; 2015ರಲ್ಲಿ ನಮ್ಮಂಥ ಕೆಲವರಿಗೆ ಕೆಲಸದ ಪರ್ಮಿಟ್ ಕೊಡಲು ಶುರು ಮಾಡಿದ ಮೇಲೆ ನ್ಯೂಜೆರ್ಸಿಯ ಈ ಅಂಗಡಿ ಸೇರಿದೆ. ಮಾತ್ರೆ ಎಣಿಸುತ್ತೇನೆ, ಲೇಬಲ್ ಅಂಟಿಸುತ್ತೇನೆ, ಇನ್ಶೂರೆನ್ಸ್ ಕಂಪನಿಗಳ ಜೊತೆ ಫೋನಿನಲ್ಲಿ ಗುದ್ದಾಡುತ್ತೇನೆ. ರೋಗಿಗೆ ಸಲಹೆ ಕೊಡುವ ಅಧಿಕಾರ ಮಾತ್ರ ನನಗಿಲ್ಲ, ಕನ್ನಡದಲ್ಲೂ ಇಲ್ಲ. "ಫಾರ್ಮಸಿಸ್ಟನ್ನ ಕರೀತೀನಿ ಇರಿ" ಅನ್ನಬಹುದು, ಅಷ್ಟೇ. ಹಾಗಾಗಿ ಕೌಂಟರಿನ ಈಚೆ ನಿಂತು ನೋಡುವುದೇ ನನ್ನ ಕೆಲಸದ ದೊಡ್ಡ ಪಾಲಾಗಿದೆ. ಕೆಳಗೆ ಬರುವವರ ಊರು, ವಯಸ್ಸು, ಸಂಬಂಧ ಎಲ್ಲ ಬದಲಿಸಿದ್ದೇನೆ. ಗುರುತು ಹಿಡಿಯಲು ಹೋಗಬೇಡಿ.

ಇಂಗ್ಲಿಷ್ ಬಾರದ ವಲಸಿಗರ ಆರೋಗ್ಯದ ತಿಳಿವಳಿಕೆ ಅಂದಕೂಡಲೇ ಎಲ್ಲರೂ ಆ ಅಮ್ಮನ ಕಡೆ ನೋಡುತ್ತಾರೆ. ಅವರಿಗೆ ಭಾಷೆ ಬರಲ್ಲ, ಅದಕ್ಕೇ ತೊಂದರೆ ಅಂತ. ನಾನು ಮಗನ ಕಡೆ ನೋಡುತ್ತೇನೆ. ಟ್ಯಾಂಕಿಗೆ ಬಂದ ನೀರು ನಲ್ಲಿಗೆ ಬಾರದ ಹಾಗೆ, ಡಾಕ್ಟರು ಹೇಳಿದ್ದೆಲ್ಲ ಮನೆಯಲ್ಲಿ ಇಂಗ್ಲಿಷ್ ಬಲ್ಲವನ ಹತ್ತಿರ ಬಂದು ನಿಂತುಬಿಡುತ್ತದೆ. ಅವನಿಗೆ ಇಂಗ್ಲಿಷ್ ಬರುತ್ತದೆ, ನಿಜ. ಔಷಧಿ ಬರುತ್ತದೆಯೇ?

ಒಂದು ಉದಾಹರಣೆ ಕೇಳಿ. ಊರಿನಲ್ಲಿ ಹೃದಯದ ಡಾಕ್ಟರು ಬಹಳ ಜನಕ್ಕೆ ಬರೆಯುವ ಎಕೋಸ್ಪ್ರಿನ್ ಎವಿ ಅಂತ ಒಂದು ಕ್ಯಾಪ್ಸೂಲ್ ಇದೆ. ಅದರೊಳಗೆ ಎರಡು ಔಷಧಿ: ಒಂದು ಆಸ್ಪಿರಿನ್, ಇನ್ನೊಂದು ಕೊಲೆಸ್ಟರಾಲಿನ ಅಟೊರ್ವಾಸ್ಟಾಟಿನ್. ಮೈಸೂರಿನ ಕಡೆಯ ಒಬ್ಬ ಅಪ್ಪ ಅದನ್ನು ವರ್ಷಗಳಿಂದ ನುಂಗುತ್ತಿದ್ದರು. ಇಲ್ಲಿಯ ಡಾಕ್ಟರು ಯಾವ ಯಾವ ಔಷಧಿ ತಗೋತಾರೆ ಅಂತ ಕೇಳಿದಾಗ ಮಗ ಉತ್ತರ ಕೊಟ್ಟ. ಬಿಪಿಗೆ ಒಂದು, ಶುಗರಿಗೆ ಒಂದು, ಆಮೇಲೆ ಆಸ್ಪಿರಿನ್. ಎಕೋಸ್ಪ್ರಿನ್ ಅಂದರೆ ಆಸ್ಪಿರಿನ್ ತಾನೆ? ಸಾಫ್ಟ್‌ವೇರಿನಲ್ಲಿ ದೊಡ್ಡ ಹುದ್ದೆಯಲ್ಲಿರುವ ಮನುಷ್ಯ, ಅನುಮಾನವೇ ಇಲ್ಲದೆ ಹೇಳಿದ. ಡಾಕ್ಟರು ಹೃದಯದ ರೋಗಿ, ಶುಗರ್ ಬೇರೆ ಇದೆ, ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಯಾಕಿಲ್ಲ ಅಂತ ಅಟೊರ್ವಾಸ್ಟಾಟಿನ್ 40 ಮಿಲಿಗ್ರಾಂ ಬರೆದರು. ಊರಿನದ್ದೂ ನಡೆಯಿತು, ಇಲ್ಲಿಯದ್ದೂ ನಡೆಯಿತು. ಮುಂದಿನ ಸಲ ರೀಫಿಲ್ ಒಯ್ಯಲು ಬಂದಾಗ ಅಪ್ಪನೇ ನನ್ನ ಹತ್ತಿರ, "ಏನಮ್ಮಾ, ತೊಡೆಯೆಲ್ಲ ಒಂಥರಾ ಹಿಡ್ಕೊಂಡ ಹಾಗಿರುತ್ತೆ, ಮೆಟ್ಟಿಲು ಹತ್ತಕ್ಕಾಗಲ್ಲ, ಚಳಿಗೆ ಹೀಗಾಗುತ್ತಾ?" ಅಂದರು. ಮಗ ಆಚೆ ಫೋನಿನಲ್ಲಿದ್ದ. ಫಾರ್ಮಸಿಸ್ಟನ್ನು ಕರೆದೆ. ಅವರು ಮೊದಲು ಕೇಳಿದ್ದೇ ಊರಿಂದ ತಂದ ಔಷಧಿ ತೋರಿಸಿ ಅಂತ. ಅಪ್ಪನ ಜೇಬಿನಲ್ಲೇ ಇತ್ತು ಸ್ಟ್ರಿಪ್, ಅದರ ಹಿಂದೆ ಸಣ್ಣ ಅಕ್ಷರದಲ್ಲಿ ಎರಡೂ ಹೆಸರು ಮುದ್ರಿತವಾಗಿತ್ತು. ಫಾರ್ಮಸಿಸ್ಟ್ ಡಾಕ್ಟರಿಗೆ ಫೋನ್ ಮಾಡಿ, ಒಂದನ್ನು ನಿಲ್ಲಿಸಿ, ರಕ್ತ ಪರೀಕ್ಷೆಗೆ ಬರಲು ಹೇಳಿಸಿದರು. ಸ್ನಾಯು ನೋವು ಸ್ಟಾಟಿನ್‌ಗಳ ಗೊತ್ತಿರುವ ಅಡ್ಡ ಪರಿಣಾಮ, ಪ್ರಮಾಣ ಹೆಚ್ಚಿದಷ್ಟೂ ಅದರ ಸಂಭವ ಹೆಚ್ಚು.

ಆ ಅಪ್ಪನಿಗೆ ಇಂಗ್ಲಿಷ್ ಬಾರದಿದ್ದದ್ದು ಇಲ್ಲಿ ಅಡ್ಡ ಬರಲೇ ಇಲ್ಲ. ಅವರನ್ನು ಯಾರೂ ಕೇಳಲಿಲ್ಲ, ಅಷ್ಟೇ.

ಸ್ಟ್ರಿಪ್ ಅಂದಾಗ ನೆನಪಾಯಿತು. ನಮ್ಮೂರ ಮೆಡಿಕಲ್ ಶಾಪುಗಳಲ್ಲಿ ಆರು ಮಾತ್ರೆ ಬೇಕು ಅಂದರೆ ಕತ್ತರಿ ತೆಗೆದು ಸ್ಟ್ರಿಪ್ ಕತ್ತರಿಸಿ ಕೊಡುತ್ತಾರೆ. ಹೆಸರು, ಅವಧಿ ಮುಗಿಯುವ ತಾರೀಖು ಒಂದು ತುಂಡಿನಲ್ಲಿ ಉಳಿಯುತ್ತದೆ, ಸೂಟ್‌ಕೇಸಿನಲ್ಲಿ ಬರುವುದು ಇನ್ನೊಂದು ತುಂಡು. ಆರು ತಿಂಗಳಿಗೆ ಬರುವ ಅಪ್ಪ ಅಮ್ಮಂದಿರು ಆರು ತಿಂಗಳ ಔಷಧಿ ಕಟ್ಟಿಕೊಂಡೇ ಬರುತ್ತಾರೆ, ಅದು ಜಾಣತನವೇ. ಆದರೆ ಮಧ್ಯದಲ್ಲಿ ಜ್ವರ ಬಂದು ಅರ್ಜೆಂಟ್ ಕೇರ್ ಕ್ಲಿನಿಕ್ಕಿಗೆ ಹೋದಾಗ ಚೀಲದಿಂದ ಸುರಿಯುವ ಬೆಳ್ಳಿ ಬಣ್ಣದ ಆ ಬಾಲಂಗೋಚಿಗಳನ್ನು ನೋಡಿ ಡಾಕ್ಟರು ಏನು ಮಾಡಬೇಕು?

ಹೆಸರುಗಳ ಗೊಂದಲ ಬೇರೆ. ನಮ್ಮ ಪ್ಯಾರಸಿಟಮಾಲ್ ಇಲ್ಲಿ ಅಸಿಟಮಿನೊಫೆನ್. ಡೋಲೋ, ಕ್ರೋಸಿನ್, ಇಲ್ಲಿಯ ಟೈಲೆನಾಲ್ ಎಲ್ಲ ಒಂದೇ. ಅಸ್ತಮಾದ ಸಾಲ್ಬುಟಮಾಲ್ ಇಲ್ಲಿ ಆಲ್ಬ್ಯುಟೆರಾಲ್. ಅಸ್ತಮಾದವರು ಹೇಗೋ ಕಂಡುಕೊಳ್ಳುತ್ತಾರೆ, ಪಂಪು ನೋಡಿದರೆ ಗೊತ್ತಾಗುತ್ತದೆ. ನನಗೆ ಹೆದರಿಕೆ ಪ್ಯಾರಸಿಟಮಾಲಿನದ್ದು. ಜನವರಿಯ ಚಳಿಗೆ ಮೈ ಬಿಸಿಯಾಗುತ್ತದೆ, ಅಮ್ಮ ತಾನೇ ತಂದ ಡೋಲೋ 650 ಹೊತ್ತಿಗೊಂದರಂತೆ ಮೂರು ನುಂಗುತ್ತಾರೆ. ಅಲ್ಲಿಗೆ 1950 ಮಿಲಿಗ್ರಾಂ. ಸೊಸೆಯೂ ಮುತುವರ್ಜಿಯಿಂದ ನೆಗಡಿ ಕೆಮ್ಮಿನ ಸಿರಪ್ ತಂದು ಕೊಡುತ್ತಾಳೆ. ಇಲ್ಲಿಯ ಇಂಥ ಎಷ್ಟೋ ಸಿರಪ್‌ಗಳಲ್ಲಿ 30 ಎಂಎಲ್‌ಗೆ 650 ಮಿಲಿಗ್ರಾಂ ಅದೇ ಔಷಧಿ ಇರುತ್ತದೆ. ದಿನಕ್ಕೆ ನಾಲ್ಕು ಸಲ ಕುಡಿದರೆ 2600. ಎರಡೂ ಸೇರಿ 4550. ಆರೋಗ್ಯವಂತ ದೊಡ್ಡವರಿಗೇ ದಿನದ ಗರಿಷ್ಠ ಮಿತಿ 4000. ಅಮೆರಿಕದಲ್ಲಿ ಯಕೃತ್ತು ದಿಢೀರನೆ ಕೈಕೊಡುವ ಪ್ರಕರಣಗಳಿಗೆ ಮೊದಲ ಕಾರಣ ಇದೇ ಔಷಧಿಯ ಅತಿಸೇವನೆ. ಸಿರಪ್ ಬಾಟಲಿಯ ಹಿಂದೆ ಎಲ್ಲ ಬರೆದಿದೆ, ಸೊಸೆಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಆದರೆ ಅತ್ತೆಯ ಡಬ್ಬಿಯಲ್ಲಿರುವ ಡೋಲೋ ಮತ್ತು ಬಾಟಲಿಯ ಮೇಲಿನ ಆ ಉದ್ದನೆಯ ಹೆಸರು ಒಂದೇ ಅಂತ ಅವಳಿಗೆ ಯಾರು ಹೇಳಬೇಕು?

ನಮ್ಮ ಅಂಗಡಿಗೆ ಬರುವ ಇನ್ನೊಬ್ಬರ ಕಥೆ ಹೇಳುತ್ತೇನೆ. ಗ್ವಾಟೆಮಾಲಾದವನು, ಹತ್ತಿರದ ರೆಸ್ಟೋರೆಂಟಿನಲ್ಲಿ ಪಾತ್ರೆ ತೊಳೆಯುತ್ತಾನೆ. ಇಂಗ್ಲಿಷ್ ಸುತರಾಂ ಬಾರದು. ಲೇಬಲನ್ನು ಸ್ಪ್ಯಾನಿಷ್‌ನಲ್ಲಿ ಮುದ್ರಿಸಿ ಕೊಟ್ಟರೂ ನಕ್ಕು ತಲೆಯಾಡಿಸುತ್ತಾನೆ. ಅವನ ಮನೆಮಾತು ಬೇರೆ, ಯಾವುದೋ ಮಾಯಾ ಭಾಷೆ, ಸ್ಪ್ಯಾನಿಷ್ ಮಾತಾಡಲು ಬಂದರೂ ಓದಲು ಬಾರದು. ಮಗಳಿಗೆ ಇನ್‌ಹೇಲರ್ ಒಯ್ಯಲು ಬಂದಿದ್ದ. ಪರದೆಯ ಮೇಲಿನ ಪ್ರಶ್ನೆಯತ್ತ ಬೆರಳು ತೋರಿಸಿ ಇದೇನು ಅಂತ ಸನ್ನೆಯಲ್ಲಿ ಕೇಳಿದ. ಫಾರ್ಮಸಿಸ್ಟ್ ಬಂದರು, ಫೋನಿನಲ್ಲಿ ಸ್ಪ್ಯಾನಿಷ್ ದುಭಾಷಿಯನ್ನು ಕರೆದು ಸ್ಪೀಕರಿಗೆ ಹಾಕಿದರು. ಅಲುಗಾಡಿಸು, ಉಸಿರು ಪೂರ್ತಿ ಬಿಡು, ಒಳಗೆ ಎಳೆಯುತ್ತಾ ಒತ್ತು, ಹತ್ತು ಎಣಿಸುವವರೆಗೆ ಹಿಡಿ. ಆಮೇಲೆ ಖಾಲಿ ಡೆಮೊ ಪಂಪು ಕೈಗೆ ಕೊಟ್ಟು, ಈಗ ನೀನು ಮಾಡಿ ತೋರಿಸು ಅಂದರು. ಮೊದಲ ಸಲ ತಪ್ಪಿತು, ಎರಡನೆಯದು ಸರಿ. ಸಾಲಿನಲ್ಲಿ ನಿಂತವರು ಗೊಣಗಿದರು. ಅವನು ಕ್ಯಾರೇ ಅನ್ನಲಿಲ್ಲ.

ಅದೇ ಸಂಜೆ ನಮ್ಮವನೊಬ್ಬ ಅಮ್ಮನಿಗೆ ಅಂಥದ್ದೇ ಇನ್‌ಹೇಲರ್ ಒಯ್ದ, ಅದೂ ಸ್ಟಿರಾಯ್ಡ್ ಇರುವಂಥದ್ದು. ಬಳಸಿದ ಮೇಲೆ ಬಾಯಿ ಮುಕ್ಕಳಿಸಿ ಉಗಿಯದಿದ್ದರೆ ನಾಲಿಗೆಯ ಮೇಲೆ ಬಿಳಿ ಬೂಸ್ಟು ಕಟ್ಟಬಹುದು. ಅವನು ಕಿವಿಯಲ್ಲಿ ಮೀಟಿಂಗ್ ಸಿಕ್ಕಿಸಿಕೊಂಡೇ ಇಲ್ಲ ಅಂತ ಒತ್ತಿದ, ಹೋದ. ಇಬ್ಬರಲ್ಲಿ ಯಾರ ಮನೆಯಲ್ಲಿ ಔಷಧಿ ಶ್ವಾಸಕೋಶಕ್ಕೆ ಇಳಿಯಿತು ಅಂತ ನನಗೆ ಅನುಮಾನವಿಲ್ಲ. ಬಾರದು ಅಂತ ಒಪ್ಪಿಕೊಳ್ಳುವವನಿಗೆ ಈ ವ್ಯವಸ್ಥೆ ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ. ಬರುತ್ತದೆ ಅನ್ನುವವನ ಅಮ್ಮನಿಗೆ ಮಾಡುವುದಿಲ್ಲ.

ದುಭಾಷಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಇಲ್ಲೇ ನಮ್ಮವರಿಗೆ ಸಿಟ್ಟು ಬರುವುದು. "ನಾನೇ ಇದ್ದೀನಲ್ಲ, ನಮ್ಮಮ್ಮನಿಗೆ ಫೋನಿನಲ್ಲಿ ಯಾರೋ ಯಾಕೆ?" 2010ರ ಅಫೋರ್ಡಬಲ್ ಕೇರ್ ಕಾಯ್ದೆಯ 1557ನೇ ಸೆಕ್ಷನ್ ಪ್ರಕಾರ, ಫೆಡರಲ್ ಹಣ ಪಡೆಯುವ ಆಸ್ಪತ್ರೆ, ಕ್ಲಿನಿಕ್, ಫಾರ್ಮಸಿಗಳು ಇಂಗ್ಲಿಷ್ ಸರಿಯಾಗಿ ಬಾರದ ರೋಗಿಗೆ ಅರ್ಹ ದುಭಾಷಿಯನ್ನು ಪುಕ್ಕಟೆಯಾಗಿ ಒದಗಿಸಬೇಕು. ಮೆಡಿಕೇಯ್ಡ್, ಹಿರಿಯರ ಸರ್ಕಾರಿ ವಿಮೆ ಮೆಡಿಕೇರ್, ಇವುಗಳ ಹಣ ಬರುವುದರಿಂದ ಹೆಚ್ಚುಕಮ್ಮಿ ಎಲ್ಲ ದೊಡ್ಡ ಆಸ್ಪತ್ರೆಗಳೂ ಇದರಡಿ ಬರುತ್ತವೆ. ನಿಮ್ಮ ದುಭಾಷಿಯನ್ನು ನೀವೇ ಕರೆತನ್ನಿ ಅನ್ನುವ ಹಾಗಿಲ್ಲ. ತುರ್ತು ಸಂದರ್ಭ ಬಿಟ್ಟರೆ ಅಪ್ರಾಪ್ತ ಮಕ್ಕಳಿಂದ ಅನುವಾದ ಮಾಡಿಸುವ ಹಾಗಿಲ್ಲ. ಅಜ್ಜಿಯ ಬಯಾಪ್ಸಿ ಫಲಿತಾಂಶವನ್ನು ಹನ್ನೆರಡು ವರ್ಷದ ಮೊಮ್ಮಗಳ ಬಾಯಿಂದ ಹೇಳಿಸುವುದು ಎಂಥ ಕ್ರೌರ್ಯ ಅಂತ ಯೋಚಿಸಿ. 2025ರ ಮಾರ್ಚ್‌ನಲ್ಲಿ ಇಂಗ್ಲಿಷನ್ನು ಅಧಿಕೃತ ಭಾಷೆ ಎಂದು ಘೋಷಿಸಿದ ಅಧ್ಯಕ್ಷರ ಆದೇಶ ಬಂದಾಗ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಇದೆಲ್ಲ ಮುಗಿಯಿತು ಅಂತ ಸುದ್ದಿ ಓಡಾಡಿತು. ರದ್ದಾಗಿದ್ದು 2000ದಲ್ಲಿ ಹೊರಡಿಸಿದ್ದ ಒಂದು ಹಳೆಯ ಆದೇಶ. ಇಲ್ಲಿಯ ಸಂಸತ್ತಾದ ಕಾಂಗ್ರೆಸ್ ಮಾಡಿದ ಕಾಯ್ದೆಯನ್ನು ಆದೇಶ ಅಳಿಸಲಾರದು.

ಮಗ ಯಾಕೆ ಸಾಲದು ಅಂದರೆ, ಅಮ್ಮ ಮಗನ ಮುಂದೆ ಹೇಳದ ಮಾತುಗಳಿರುತ್ತವೆ. ಯುಗಾದಿ ಊಟದ ಸಾಲಿನಲ್ಲಿ ತುಮಕೂರಿನ ಕಡೆಯ ಒಬ್ಬ ಆಂಟಿ ನನ್ನನ್ನು ಪಕ್ಕಕ್ಕೆ ಕರೆದರು. ನಾನು ಔಷಧಿ ಅಂಗಡಿಯಲ್ಲಿದ್ದೇನೆ ಅಂತ ಯಾರೋ ಹೇಳಿದ್ದರಂತೆ. ಬಿಪಿಗೆ ಡಾಕ್ಟರು ನೀರಿನ ಮಾತ್ರೆ ಕೊಟ್ಟಿದ್ದರು, ಮೂತ್ರ ಹೆಚ್ಚಿಸುವಂಥದ್ದು. ದೇವಸ್ಥಾನಕ್ಕೆ ಹೋಗುವ ದಿನ, ಮೊಮ್ಮಗನ ಕ್ಲಾಸಿಗೆ ಹೋಗುವ ದಿನ, ಅಂಗಡಿಗೆ ಹೋಗುವ ದಿನ ಅವರು ಅದನ್ನು ತಗೊಳ್ಳುತ್ತಲೇ ಇರಲಿಲ್ಲ. "ದಾರೀಲಿ ತಡ್ಕೊಳ್ಳಕ್ಕಾಗಲ್ಲ ಕಣಮ್ಮ. ಕೆಮ್ಮಿದ್ರೂ ಕಷ್ಟ. ಇದನ್ನ ಮಗನ ಹತ್ರ ಹೆಂಗೆ ಹೇಳ್ಲಿ?" ಡಾಕ್ಟರ ಮುಂದೆ ಮಗ, "ಔಷಧಿ ಸರಿಯಾಗಿ ತಗೋತಾರೆ, ಬೇರೆ ಏನೂ ತೊಂದರೆ ಇಲ್ಲ" ಅಂದಿದ್ದ. ಅವನ ಮಟ್ಟಿಗೆ ಅದು ಸತ್ಯ. ಬಿಪಿ ಇಳಿದಿಲ್ಲ ಅಂತ ಡಾಕ್ಟರು ಪ್ರಮಾಣ ಏರಿಸಿದ್ದರು. ಹೊತ್ತು ಬದಲಿಸಬಹುದೇ, ಕೆಮ್ಮಿದಾಗಿನ ತೊಂದರೆಗೆ ಬೇರೆ ಉಪಾಯವಿದೆಯೇ ಅಂತ ಡಾಕ್ಟರನ್ನೇ ಕೇಳಿ, ಮಗನನ್ನು ಹೊರಗೆ ಕೂರಿಸಿ ಕನ್ನಡದ ಹೆಂಗಸು ದುಭಾಷಿ ಬೇಕು ಅನ್ನಿ ಅಂದೆ. ಹಾಗೂ ಕೇಳಬಹುದಾ ಅಂತ ಅವರಿಗೆ ಆಶ್ಚರ್ಯ.

ಮುಂದೆ ಅವರು ಹಾಗೇ ಮಾಡಿದರು. ಅಲ್ಲಿ ನಡೆದದ್ದನ್ನು ಹೇಳಿ ನಕ್ಕರು. ದುಭಾಷಿಗಳು ಡಾಕ್ಟರು ಹೀಗೆ ಹೇಳುತ್ತಾರೆ ಅಂತ ಹೇಳುವುದಿಲ್ಲ, ಡಾಕ್ಟರೇ ಆಗಿ ಮಾತಾಡುತ್ತಾರೆ, ಅದು ಅವರ ನಿಯಮ. ಹಾಗಾಗಿ ಫೋನಿನೊಳಗಿಂದ ಚೆಂದದ ಕನ್ನಡದಲ್ಲಿ "ನಾನು ನಿಮ್ಮ ಹೊಟ್ಟೆ ಮುಟ್ಟಿ ನೋಡ್ತೀನಿ" ಅಂತ ಕೇಳಿದಾಗ ಆಂಟಿ ಫೋನಿನತ್ತ ನೋಡಿ, "ಅಲ್ಲಿಂದ ಹೆಂಗಮ್ಮ ನೋಡ್ತೀಯಾ?" ಅಂದರಂತೆ.

ಇನ್ನು ಅಡುಗೆಮನೆ. ಕರುಳಿನ ಕ್ಯಾನ್ಸರ್ ಪತ್ತೆಗೆ ಮಾಡುವ ಕೊಲೊನೋಸ್ಕೋಪಿಗೆ ಕರುಳು ಪೂರ್ತಿ ಖಾಲಿಯಿರಬೇಕು. 2021ರಿಂದ ಈ ತಪಾಸಣೆಯನ್ನು 45ನೇ ವಯಸ್ಸಿಗೇ ಶುರು ಮಾಡಿ ಅನ್ನುತ್ತಾರೆ, ಅಂದರೆ ಅಪ್ಪನಿಗಷ್ಟೇ ಅಲ್ಲ, ಈ ಬರಹ ಓದುವ ಎಷ್ಟೋ ಮಕ್ಕಳಿಗೂ ಅನ್ವಯ. ಪಕ್ಕದ ಬಿಲ್ಡಿಂಗಿನ ಅಂಕಲ್‌ಗೆ ತಾರೀಖು ಸಿಕ್ಕಿತ್ತು. ತಯಾರಿಯ ಹಾಳೆ ಆಸ್ಪತ್ರೆಯ ಆನ್‌ಲೈನ್ ಪೋರ್ಟಲ್ ಮೂಲಕ ಮಗನ ಫೋನಿಗೆ ಬಂತು. ಮಗ ಅಪ್ಪನಿಗೆ ಹೇಳಿದ್ದು ಒಂದೇ ಸಾಲು: "ನಾಳೆ ಪೂರ್ತಿ ಲಿಕ್ವಿಡ್ ಮಾತ್ರ." ಅಪ್ಪ ಅದನ್ನು ಅಮ್ಮನಿಗೆ, ಅಂದರೆ ಆಂಟಿಗೆ, ಹೇಳಿದರು. ಆಂಟಿ, ಪಾಪ, ಮನುಷ್ಯ ದಿನವೆಲ್ಲ ಬರಿಹೊಟ್ಟೆಯಲ್ಲಿರುತ್ತಾನಲ್ಲ ಅಂತ ಬೆಳಿಗ್ಗೆ ರಾಗಿ ಅಂಬಲಿ, ಮಧ್ಯಾಹ್ನ ಮಜ್ಜಿಗೆ, ರಾತ್ರಿ ಬೇಳೆಕಟ್ಟಿನ ಸಾರು ಕೊಟ್ಟರು. ಮೂರೂ ದ್ರವವೇ. ಮರುದಿನ ಪರೀಕ್ಷೆ ಆಗಲಿಲ್ಲ, ವಾಪಸು ಕಳಿಸಿದರು.

ಹಾಳೆಯಲ್ಲಿದ್ದದ್ದು ತಿಳಿಯಾದ ದ್ರವ, ಲೋಟದ ಆಚೆಗಿನ ಅಕ್ಷರ ಈಚೆಯಿಂದ ಓದಲು ಬರುವಂಥದ್ದು. ಉದಾಹರಣೆಗೆ ಕೊಟ್ಟಿದ್ದು ಕೋಳಿಯ ತಿಳಿಸಾರು ಮತ್ತು ಜೆಲ್ಲೊ. ಅಂಕಲ್ ಲಿಂಗಾಯತರು, ಕೋಳಿ ಮಾತೇ ಇಲ್ಲ. ಜೆಲ್ಲೊದಲ್ಲಿರುವ ಜೆಲಟಿನ್ ಪ್ರಾಣಿಗಳ ಮೂಳೆ ಚರ್ಮದಿಂದ ಬರುವುದು, ಅದೂ ಆಗದು. ಎರಡನ್ನೂ ಬಿಟ್ಟರೆ ಹಾಳೆಯಲ್ಲಿ ಅವರ ಪಾಲಿಗೆ ಉಳಿದದ್ದು ಆಪಲ್ ಜ್ಯೂಸು, ನೀರು. ಎರಡನೇ ಸಲ ತಾರೀಖು ಸಿಕ್ಕಾಗ ಆಂಟಿ ಹಾಳೆಯನ್ನು ನನ್ನ ಹತ್ತಿರ ಹಿಡಿದುಕೊಂಡು ಬಂದರು. ಅವರ ಅಡುಗೆಮನೆಯಲ್ಲಿ ಇದಕ್ಕೆ ಏನೇನು ಹೊಂದುತ್ತದೆ ಅಂತ ಇಬ್ಬರೂ ಕೂತು ಪ್ರಶ್ನೆಗಳ ಪಟ್ಟಿ ಮಾಡಿದೆವು. ಅವರ ಎದುರಿಗೇ ಡಾಕ್ಟರ ಆಫೀಸಿಗೆ ಫೋನ್ ಹಚ್ಚಿ ಒಂದೊಂದಾಗಿ ಕೇಳಿದೆ. ಗಂಜಿ ಇಲ್ಲದ ಎಳನೀರು ಆಗಬಹುದು. ಹಾಲಿಲ್ಲದ ಕಾಫಿ ಆಗಬಹುದು. ತರಕಾರಿ ಬೇಯಿಸಿ ಬಟ್ಟೆಯಲ್ಲಿ ಸೋಸಿದ ಉಪ್ಪುನೀರು ಆಗಬಹುದು, ಟೊಮೆಟೊ ಬೀಟ್ರೂಟಿನ ಕೆಂಪು ಬೇಡ. ಮಜ್ಜಿಗೆ ಬೇಡ. ಹಿಂದಿನ ದಿನಗಳಲ್ಲಿ ಸೊಪ್ಪು, ರಾಗಿ, ಎಳ್ಳು, ಕಾಳು ಬಿಟ್ಟು ಬಿಳಿ ಅನ್ನ ಮೊಸರು. ಆಂಟಿ ಗೋಡೆಯ ಕ್ಯಾಲೆಂಡರಿನಲ್ಲಿ ದಿನವಾರು ಬರೆದುಕೊಂಡರು. ಮಗನ ಪೋರ್ಟಲಿಗಿಂತ ಆ ಕ್ಯಾಲೆಂಡರು ವಾಸಿ. ಅಡುಗೆ ಮಾಡುವವರ ಕೈಗೆ ಹಾಳೆ ತಲುಪದಿದ್ದರೆ ಅದು ಯಾವ ಭಾಷೆಯಲ್ಲಿದ್ದರೇನು?

ಬರಿಹೊಟ್ಟೆಯ ರಕ್ತ ಪರೀಕ್ಷೆಗೆ ಕಾಫಿ ಕುಡಿದು ಹೋಗಿ "ಏನೂ ತಿಂದಿಲ್ಲ" ಅನ್ನುವವರ ಕಥೆ ಎಲ್ಲರ ಮನೆಯಲ್ಲೂ ಇದೆ, ಬಿಡಿ.

ಹಿರಿಯರಿಗೆ ಏನೂ ತಿಳಿಯದು ಅನ್ನುವವರಿಗೆ ರಾಣೆಬೆನ್ನೂರಿನ ಅಜ್ಜಿಯ ಬಗ್ಗೆ ಹೇಳಬೇಕು. ಥೈರಾಯ್ಡ್ ಮಾತ್ರೆ ಒಯ್ಯಲು ಮಗನ ಜೊತೆ ಬಂದಿದ್ದರು. ಕಿತ್ತಳೆ ಬಣ್ಣದ ಬಾಟಲಿಯ ಮುಚ್ಚಳವನ್ನು ಕೌಂಟರಿನಲ್ಲೇ ತೆಗೆಸಿ, ಒಂದು ಮಾತ್ರೆ ಅಂಗೈಗೆ ಹಾಕಿಕೊಂಡು ನೋಡಿದರು. "ಮದ್ಲಿನ ಗುಳಗಿ ಕೇಸರಿ ಇತ್ತು. ಇದು ಬೆಳ್ಳಗ ಐತಲ್ಲ ತಂಗಿ?" ಮಗ, "ಕಂಪನಿ ಬ್ಯಾರೆ ಇರ್ತೈತಿ ಬೇ, ನಡಿ" ಅಂದ. ಅವನದ್ದು ತೀರಾ ಅಡ್ಡಮಾತೂ ಅಲ್ಲ. ಇಲ್ಲಿ ಜೆನೆರಿಕ್ ಕಂಪನಿ ಬದಲಾದ ಹಾಗೆಲ್ಲ ಮಾತ್ರೆಯ ಬಣ್ಣ ಆಕಾರ ಬದಲಾಗುತ್ತವೆ, ಅದೇ ಗೊಂದಲಕ್ಕೆ ಮಾತ್ರೆ ಬಿಟ್ಟವರನ್ನೂ ಕಂಡಿದ್ದೇನೆ. ಆದರೆ ಥೈರಾಯ್ಡಿನ ಲೆವೊಥೈರಾಕ್ಸಿನ್ ಬೇರೆ ಜಾತಿ. ಅದರಲ್ಲಿ ಬಣ್ಣ ಕಂಪನಿಯ ಮೇಲೆ ಹೋಗುವುದಿಲ್ಲ, ಶಕ್ತಿಯ ಮೇಲೆ ಹೋಗುತ್ತದೆ. 25 ಮೈಕ್ರೋಗ್ರಾಂ ಕಿತ್ತಳೆ, 50 ಬಿಳಿ, 75 ನೇರಳೆ, 100 ಹಳದಿ. ಅಜ್ಜಿಯ ಅಂಗೈಯಲ್ಲಿದ್ದ ಬಿಳಿ ಮಾತ್ರೆಯ ಅರ್ಥ, ಡಾಕ್ಟರು ಪ್ರಮಾಣ ಇಮ್ಮಡಿ ಮಾಡಿದ್ದಾರೆ ಅಂತ. ಅದನ್ನು ಮಗ ಪೋರ್ಟಲಿನಲ್ಲಿ ನೋಡಿರಲಿಲ್ಲ. ಮನೆಯಲ್ಲಿ ಕೇಸರಿ ಮಾತ್ರೆಯ ಬಾಟಲಿ ಇನ್ನೂ ಅರ್ಧ ಇತ್ತು; ಎರಡನ್ನೂ ಬೇರೆ ಬೇರೆ ಔಷಧಿ ಅಂದುಕೊಂಡು ಜೊತೆಗೇ ನುಂಗುವ ಸಾಧ್ಯತೆ ಎಷ್ಟಿತ್ತು ನೋಡಿ. ಫಾರ್ಮಸಿಸ್ಟ್ ಬಂದು, ಕನ್ನಡ ದುಭಾಷಿಯನ್ನು ಫೋನಿಗೆ ಕರೆಸಿ, ಹಳೆಯದನ್ನು ನಿಲ್ಲಿಸಿ, ಇದನ್ನು ಬೆಳಿಗ್ಗೆ ಎದ್ದ ಕೂಡಲೇ ನೀರಿನ ಜೊತೆ ತಗೊಂಡು ಅರ್ಧ ಮುಕ್ಕಾಲು ಗಂಟೆ ಬಿಟ್ಟು ಚಹಾ ಕುಡಿಯಿರಿ, ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ ಅಂತ ವಿವರಿಸಿದರು. ಕೊನೆಗೆ, "ಈಗ ಮನೆಗೆ ಹೋಗಿ ಹೆಂಗೆ ತಗೋತೀರಿ ಹೇಳಿ" ಅಂದಾಗ ಅಜ್ಜಿ ಒಂದೂ ತಪ್ಪದೆ ಒಪ್ಪಿಸಿದರು. ಮಗನಿಗೆ ಕ್ಯಾಲ್ಸಿಯಂ ಮಾತು ಮರೆತೇ ಹೋಗಿತ್ತು.

ತುರ್ತು ಸಮಯದ ಬಗ್ಗೆ ಒಂದು ಮಾತು, ಏಕೆಂದರೆ ಇದರಲ್ಲಿ ಜೀವ ಹೋಗುತ್ತದೆ. ಎದೆಯಲ್ಲಿ ಸಂಕಟವಾದರೆ ನಮ್ಮ ಹಿರಿಯರು ಮೊದಲು ಗ್ಯಾಸ್ ಅನ್ನುತ್ತಾರೆ, ಜೀರಿಗೆ ನೀರು ಕುಡಿಯುತ್ತಾರೆ. ಆಮೇಲೆ ಆಫೀಸಿನಲ್ಲಿರುವ ಮಗನಿಗೆ ಫೋನ್ ಮಾಡುತ್ತಾರೆ. ಮಗ ಮೀಟಿಂಗ್ ಮುಗಿಸಿ ನೋಡುತ್ತಾನೆ. ತುರ್ತು ಸಹಾಯದ ನಂಬರು 911 ಒತ್ತಲು ಇಂಗ್ಲಿಷ್ ಬೇಕಿಲ್ಲ. "ಕನ್ನಡ" ಅಂದರೆ ಸಾಮಾನ್ಯವಾಗಿ ಫೋನ್ ದುಭಾಷಿಯನ್ನು ಜೋಡಿಸುತ್ತಾರೆ. ಮನೆಯ ವಿಳಾಸವನ್ನು ಇಂಗ್ಲಿಷಿನಲ್ಲಿ ಹೇಳಲು ಕಲಿಸಿ, ಅಷ್ಟು ಸಾಕು. ಬಿಲ್ಲಿನ ಹೆದರಿಕೆ ಇನ್ನೊಂದು. ವಿಸಿಟರ್ ಇನ್ಶೂರೆನ್ಸ್ ಹಳೆಯ ಕಾಯಿಲೆಗೆ ಕೊಡುವುದಿಲ್ಲ ಅಂತ ಕೇಳಿ ಕೇಳಿ ಮಗನಿಗೆ ಹೊರೆಯಾಗಬಾರದು ಅಂತ ನೋವು ನುಂಗುತ್ತಾರೆ. 1986ರ ಕಾಯ್ದೆಯೊಂದರ ಪ್ರಕಾರ ಎಮರ್ಜೆನ್ಸಿ ಇರುವ, ಮೆಡಿಕೇರ್ ಹಣ ಪಡೆಯುವ ಯಾವ ಆಸ್ಪತ್ರೆಯೂ ಇನ್ಶೂರೆನ್ಸ್ ಇಲ್ಲ ಅಂತ ರೋಗಿಯನ್ನು ಪರೀಕ್ಷಿಸದೆ, ಅಪಾಯದಿಂದ ಪಾರು ಮಾಡದೆ ಕಳಿಸುವಂತಿಲ್ಲ. ಬಿಲ್ಲು ಬರುತ್ತದೆ, ದೊಡ್ಡದೇ ಬರುತ್ತದೆ, ಅದನ್ನು ಚೌಕಾಸಿ ಮಾಡಬಹುದು. ಈ ಮಾತನ್ನು ಅಪ್ಪ ಅಮ್ಮ ವಿಮಾನ ಇಳಿದ ವಾರವೇ ಅವರ ಕಿವಿಗೆ ಹಾಕಿ.

ಈ ಬೇಸಿಗೆಗೆ ಕರೆಸಿಕೊಳ್ಳುವವರು ಸ್ಟ್ರಿಪ್‌ಗಳನ್ನು ಕತ್ತರಿಸದೆ ತರಲು ಹೇಳಿ. ಊರಿನ ಡಾಕ್ಟರ ಹತ್ತಿರ ಔಷಧಿಯ ಮೂಲ ಹೆಸರು, ಪ್ರಮಾಣ, ಯಾತಕ್ಕೆ ಅನ್ನುವುದನ್ನು ದೊಡ್ಡ ಅಕ್ಷರದಲ್ಲಿ ಬರೆಸಿ, ಒಂದು ಪ್ರತಿ ಅವರ ಪರ್ಸಿನಲ್ಲಿರಲಿ. ಕಷಾಯ, ಹಾಗಲಕಾಯಿ ರಸ, ಮೆಂತ್ಯದ ಪುಡಿ ಏನಿದ್ದರೂ ಅದರಲ್ಲೇ ಸೇರಿಸಿ, ಶುಗರ್ ಮಾತ್ರೆಯ ಜೊತೆ ಅವು ಲೆಕ್ಕಕ್ಕೆ ಬರುತ್ತವೆ. ದುಭಾಷಿ ಬೇಕು ಅನ್ನುವುದನ್ನು ಹೋದ ದಿನ ಕೇಳಬೇಡಿ, ಅಪಾಯಿಂಟ್‌ಮೆಂಟ್ ಮಾಡುವಾಗಲೇ ಬರೆಸಿ. ಕನ್ನಡದವರು ಕಡಿಮೆ ಇರುವುದರಿಂದ ಕೆಲವೊಮ್ಮೆ ಕಾಯಬೇಕಾಗುತ್ತದೆ. ಫೈಲಿನಲ್ಲಿ ಭಾಷೆ ಅನ್ನುವ ಜಾಗದಲ್ಲಿ ಏನಿದೆ ಅಂತಲೂ ಒಮ್ಮೆ ನೋಡಿ. ಇಂಡಿಯಾ ಅಂದಕೂಡಲೇ ಹಿಂದಿ ಅಂತ ಒತ್ತಿರುತ್ತಾರೆ, ನಮ್ಮ ಅಮ್ಮಂದಿರು ಹಿಂದಿಗೂ ಹೂಂ ಹೂಂ ಅಂತ ತಲೆಯಾಡಿಸಿ ಎದ್ದು ಬರುತ್ತಾರೆ. ಹೇಳುವಾಗ ಕೆ ಅಕ್ಷರದಿಂದ ಶುರುವಾಗುವ, ದಕ್ಷಿಣ ಭಾರತದ ಕನ್ನಡ ಅಂತ ಬಿಡಿಸಿ ಹೇಳಿ. ನಮ್ಮ ಪರಿಚಯದವರೊಬ್ಬರು ಬರೀ "ಕನ್ನಡ" ಅಂದಿದ್ದಕ್ಕೆ ಲೈನಿಗೆ ಫ್ರೆಂಚ್ ದುಭಾಷಿ ಬಂದಿದ್ದರು.